ನಮ್ಮ ಮನೆ ವಾಲಿದ ಚಳಿಗಾಲ

ಕೆಲವರ ಮನೆಗೆ ನೆಂಟರು ಬರುತ್ತಲೇ ಇರುತ್ತಾರೆ. ನನ್ನ ಪಾಲಿಗೆ ವಿಚಿತ್ರ ಪ್ರಸಂಗಗಳು ಬರುತ್ತಲೇ ಇರುತ್ತವೆ, ಎರಡಕ್ಕೂ ಹೊತ್ತುಗೊತ್ತಿಲ್ಲ. ನಾನು ಧಾರವಾಡದ ಕಡೆಯವನು, ನಾಗಪುರದ ಹತ್ತಿರ ಮೌದಾದ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಫಿಟ್ಟರ್. ಆನೆ ಗಾತ್ರದ ಶಾಫ್ಟುಗಳನ್ನು ಕೂದಲೆಳೆಯಷ್ಟೂ ವಾಲದಂತೆ ಕೂರಿಸುವುದು ನನ್ನ ಕೆಲಸ. ಅಂಥವನ ಬೆನ್ನುಹುರಿಯಲ್ಲಿ, ಕುತ್ತಿಗೆಯಿಂದ ಸ್ವಲ್ಪ ಕೆಳಗೆ, ಒಂದು ಗಂಟು ಬೆಳೆಯಿತು. ನಾಗಪುರದಲ್ಲೇ ಆಪರೇಶನ್ ಆಯಿತು. ಗಂಟು ಪೂರ್ತಿ ತೆಗೆದಿದ್ದೇವೆ, ಕೆಟ್ಟ ಜಾತಿಯದಲ್ಲ ಎಂದರು ಡಾಕ್ಟರು. ಬಂದವರಿಗೆಲ್ಲ ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿ ಹಂಚಿದೆವು. ಪ್ರಸಂಗಗಳು ಶುರುವಾದದ್ದು ಬರ್ಫಿ ಮುಗಿದ ಮೇಲೆ.

೧. ಚಳಿಯಲ್ಲಿ ಕೂಲರ್

ಬೇಸಿಗೆಯಲ್ಲಿ ನಾಗಪುರದವರಿಗೆ ಕೂಲರಿನ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ. ಆದರೆ ಆಗ ಡಿಸೆಂಬರು. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಎದ್ದು ನಿಂತೆ. ಎಡಗಿವಿಯಲ್ಲಿ ಗುಂಯ್ ಎಂದು ಕೂಲರ್ ತಿರುಗುತ್ತಿದೆ.

"ಯಾರ ಮನಿ ಕೂಲರ್ ನಡದೈತಿ?" ಎಂದೆ.

"ಈ ಥಂಡಿ ಒಳಗ? ತಲಿ ಬರೋಬರ್ ಐತೇನ್ರಿ?" ಎಂದಳು ಹೆಂಡತಿ. ಅವಳ ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಗೋಡೆ ಹಿಡಿದುಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿರುವುದು ವಯಸ್ಸಾದ ಮರಾಠಿ ಹೆಂಗಸು, ಎಲ್ಲರ ಬಾಯಲ್ಲೂ ಕಾಕು, ಒಬ್ಬರೇ. ಕೂಲರ್ ಬಂದ್ ಮಾಡಿ ಎಂದು ಕೈ ಮುಗಿದೆ. ಕಾಕು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಸೆರಗು ಬಿಗಿ ಮಾಡಿಕೊಂಡರು, ಕಿಟಕಿಯ ಕೂಲರಿನ ಹಿಂಬದಿ ತೆಗೆದು ತೋರಿಸಿದರು. ಒಳಗೆ ನೀರು ಹನಿಸುವ ಹುಲ್ಲು ಒಣಗಿತ್ತು. ಮೋಟರೇ ಇರಲಿಲ್ಲ, ದೀಪಾವಳಿಗೆ ಮುಂಚೆಯೇ ರಿಪೇರಿಗೆ ಕೊಟ್ಟಿದ್ದರಂತೆ. ಆ ಖಾಲಿ ಡಬ್ಬದ ಮುಂದೆ ನಿಂತಿದ್ದೇನೆ, ಕೂಲರ್ ತಿರುಗುತ್ತಲೇ ಇದೆ.

"ಕಾಕು, ಮೋಟರ್ ಇಲ್ಲದೆಯೂ ತಿರುಗುತ್ತಿದೆ" ಎಂದೆ.

ಕಾಕು ದೇವರ ಮುಂದಿನ ಅಂಗಾರ, ಅಂದರೆ ಊದುಬತ್ತಿಯ ಬೂದಿ, ತಂದು ನನ್ನ ಹಣೆಗೆ ಹಚ್ಚಿದರು. ಬಾಗಿಲವರೆಗೆ ಬಂದು ನನ್ನನ್ನು ಬಿಟ್ಟು, ಸ್ವಲ್ಪ ಯೋಚನೆ ಮಾಡಿ, ಹಿಂದಿರುಗಿ ಹೋಗಿ ಕೂಲರಿಗೂ ಹಚ್ಚಿದರು.

೨. ದೇವರುಗಳೆಲ್ಲ ಸೊಟ್ಟ

ಕಿವಿಯ ಬೆನ್ನಲ್ಲೇ ತಲೆಸುತ್ತು ಬಂತು. ಗಿರಗಿರ ತಿರುಗುವ ಸುತ್ತಲ್ಲ. ಮನೆ ಮೆಲ್ಲಗೆ ಎಡಕ್ಕೆ ವಾಲಿ, ಹಾಗೇ ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋಗಿದ್ದಳು. ನೋಡುತ್ತೇನೆ, ಗೋಡೆಯ ಫೋಟೊಗಳೆಲ್ಲ ಸೊಟ್ಟ: ಗಣಪತಿ, ವೆಂಕಟರಮಣ, ನಮ್ಮ ಮದುವೆಯ ಫೋಟೊ. ಫಿಟ್ಟರಿಗೆ ಸೊಟ್ಟ ಕಂಡರೆ ಕೈ ಸುಮ್ಮನಿರುತ್ತದೆಯೇ? ಒಂದೊಂದನ್ನೇ ನೆಟ್ಟಗೆ ಮಾಡಿದೆ. ಉಳಿದದ್ದು ನಮ್ಮ ಅವ್ವನ ಫೋಟೊ ಒಂದೇ. ಅದು ಬಾಗಿಲಿನ ಮೇಲೆ ಎತ್ತರದಲ್ಲಿದೆ, ಸ್ಟೂಲು ಹತ್ತದೆ ಕೈಗೆ ಸಿಗುವುದಿಲ್ಲ. ಅವ್ವ ತೀರಿಕೊಂಡು ವರ್ಷಗಳಾದವು. ಬದುಕಿದ್ದಷ್ಟು ದಿನ ಅವಳು ನನ್ನ ಕಡೆ. ಗಣಿತದಲ್ಲಿ ನಾನು ಫೇಲಾದರೆ ಮಾಸ್ತರನಿಗೆ ಲೆಕ್ಕ ಬರೂದಿಲ್ಲ ಎನ್ನುತ್ತಿದ್ದಳು. ಅಂಥವಳನ್ನೇ ಸೊಟ್ಟಗೆ ಬಿಡಬೇಕಾಯಿತು. "ತಡಿ ಅವ್ವಾ, ಆರಾಮ ಆದ ಮ್ಯಾಲೆ ಹತ್ತತೀನಿ" ಎಂದೆ.

ಹೆಂಡತಿ ಬಂದವಳು ಚೀಲ ಕೈಬಿಟ್ಟಳು. ಬದನೆಕಾಯಿ ಉರುಳಿದವು. ದೇವರುಗಳೆಲ್ಲ ಒಂದೇ ಸಮನೆ ಬಲಕ್ಕೆ ವಾಲಿ ನಿಂತದ್ದನ್ನು ನೋಡಿ ಕಾಕುವನ್ನು ಕೂಗಿದಳು. ಕಾಕು ಓಡಿ ಬಂದು, "ಭೂಕಂಪ್ ಝಾಲಾ ಕಾಯ್?" ಎಂದರು.

"ಏನೂ ಆಗಿಲ್ಲ, ಈಗಷ್ಟೇ ಎಲ್ಲ ನೆಟ್ಟಗೆ ಮಾಡಿದೆ" ಎಂದೆ. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

ಹೆಂಡತಿ ನನ್ನ ಹತ್ಯಾರದ ಪೆಟ್ಟಿಗೆಯಿಂದ ಮಟ್ಟ ನೋಡುವ ರಸಮಟ್ಟ ತಂದು ಗಣಪತಿಯ ಚೌಕಟ್ಟಿನ ಮೇಲಿಟ್ಟಳು. ನಳಿಗೆಯೊಳಗಿನ ಗುಳ್ಳೆ ಒಂದು ಮೂಲೆಗೆ ಓಡಿತು.

"ಈಗೇನಂತೀರಿ?"

"ರಸಮಟ್ಟ ಕೆಟ್ಟೈತಿ" ಎಂದೆ. ಎಷ್ಟೋ ಟರ್ಬೈನುಗಳನ್ನು ಅದೇ ರಸಮಟ್ಟ ನಂಬಿ ಕೂರಿಸಿದವನು ನಾನು.

ಅವಳು ಸುತ್ತ ಕಣ್ಣಾಡಿಸಿ, ಕೊನೆಗೆ ತಲೆ ಎತ್ತಿ ಬಾಗಿಲ ಮೇಲೆ ನೋಡಿದಳು. "ಇಡೀ ಮನಿಯೊಳಗ ನೆಟ್ಟಗ ಇರೋರು ಅತ್ತಿ ಒಬ್ಬರ. ನಾ ಮದುವಿ ಆಗಿ ಬಂದ ಮ್ಯಾಲೆ ಇದ ಮೊದಲು."

೩. ಭಾಳ ಒಳ್ಳೆ ಮನಷ್ಯಾ ಇದ್ದ

ಈ ನಡುವೆ ಒಂದು ವಿಚಿತ್ರ ಕಂಡುಕೊಂಡಿದ್ದೆ. ಚಪ್ಪಟೆಯಾಗಿ ಮಲಗಿದರೆ ಸ್ವಲ್ಪ ಹೊತ್ತಿಗೆ ಕೂಲರ್ ನಿಲ್ಲುತ್ತದೆ, ಮನೆ ನೆಟ್ಟಗಾಗುತ್ತದೆ, ಕಿವಿ ಸ್ವಚ್ಛವಾಗುತ್ತದೆ. ಎದ್ದರೆ ಮತ್ತೆ ಶುರು. ಕಂಪನಿಯಲ್ಲಿ ಮಾತ್ರ ನಾನು ಪೂರ್ತಿ ಕಿವುಡನಾದೆ ಎಂದು ಸುದ್ದಿಯಾಗಿತ್ತು.

ಕಂಪನಿ ಬಸ್ಸಿನ ಗೆಳೆಯರಿಬ್ಬರು ನೋಡಲು ಬಂದರು, ಇಬ್ಬರೂ ನಮ್ಮ ಕಡೆಯವರೇ. ನಾನು ಕಣ್ಣು ಮುಚ್ಚಿ ಮಲಗಿದ್ದೆ. ಅವರು ಚಹಾ ಹಿಡಿದು ನನ್ನ ತಲೆಯ ಎರಡೂ ಬದಿಗೆ ಕೂತರು.

"ಭಾಳ ಒಳ್ಳೆ ಮನಷ್ಯಾ ಇದ್ದ" ಎಂದ ಒಬ್ಬ.

"ಕೈಗುಣ ಇತ್ತು. ಇನ್ನ ಅಂಥಾವ್ರು ಬರೂದಿಲ್ಲ" ಎಂದ ಇನ್ನೊಬ್ಬ.

ನನಗೆ ಅನುಮಾನ ಬಂದು ನನ್ನ ಕೈಬೆರಳು ಮೆಲ್ಲಗೆ ಆಡಿಸಿ ನೋಡಿಕೊಂಡೆ. ಆಡಿತು.

ಮೊದಲಿನವನು ದನಿ ತಗ್ಗಿಸಿ ಕೇಳಿದ: "ಬಸ್ಸಿನೊಳಗ ಅವನ ಕಿಟಕಿ ಸೀಟು ಯಾರಿಗಂತ?"

"ಯಾರಿಗೂ ಇಲ್ಲ" ಎಂದೆ ಕಣ್ಣು ತೆರೆಯದೆ.

ಒಬ್ಬನ ಚಹಾ ಇನ್ನೊಬ್ಬನ ತೊಡೆಯ ಮೇಲೆ ಬಿತ್ತು. ಅವರು ಹೋದ ಮೇಲೆ ನಗುತ್ತಲೇ ಮಲಗಿದ್ದೆ. ಆಗ ಅಡುಗೆಮನೆಯಿಂದ ಹೆಂಡತಿಯ ದನಿ ಕೇಳಿತು. ಕಿಟಕಿಯಾಚೆಯ ಕಾಕುವಿಗೆ ತನ್ನ ಮುರುಕು ಹಿಂದಿಯಲ್ಲಿ ಹೇಳುತ್ತಿದ್ದಳು: ಗಂಟು ತಿರುಗಿ ಬಂದಿರಬೇಕು, ನನಗೆ ಗೊತ್ತು, ಅವರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ. ನನ್ನ ನಗೆ ನಿಂತಿತು. ನಾನೂ ಅದೇ ಹೆದರಿಕೆಯನ್ನು ಎಷ್ಟೋ ದಿನದಿಂದ ಅವಳಿಂದ ಮುಚ್ಚಿಟ್ಟಿದ್ದೆ. ಕಿಟಕಿ ಸೀಟಿಗೆ ಜವಾಬು ಕೊಟ್ಟ ಹೆಣ ಈಗ ಗೋಡೆಯ ಕಡೆಗೆ ಮಗ್ಗಲು ಬದಲಿಸಿತು.

೪. ಬೆನ್ನಿನವರು, ಕಿವಿಯವರು

ಕಿವಿಯ ಡಾಕ್ಟರು ಕಿವಿ ಚೆನ್ನಾಗಿದೆ, ಬೆನ್ನಿನವರನ್ನು ಕೇಳಿ ಎಂದರು. ಬೆನ್ನಿನ ಡಾಕ್ಟರು ಹೊಲಿಗೆ ಚೆನ್ನಾಗಿದೆ, ಕಿವಿಯವರನ್ನು ಕೇಳಿ ಎಂದರು. ಇಬ್ಬರ ಪ್ರಕಾರವೂ ನಾನು ಚೆನ್ನಾಗಿದ್ದೆ. ಗೋಡೆ ಬಿಟ್ಟು ನಿಲ್ಲಲು ಮಾತ್ರ ಆಗುತ್ತಿರಲಿಲ್ಲ.

ರಸಮಟ್ಟ ಇಟ್ಟ ದಿನವೇ ಹೆಂಡತಿ ಫೋಟೊಗಳನ್ನೆಲ್ಲ ಮೊದಲಿನಂತೆ ಮಾಡಿದ್ದಳು, ನನ್ನ ಕಣ್ಣಿಗೆ ಅವು ದಿನಾ ಸೊಟ್ಟ. ಆಮೇಲೆ ಒಂದು ಬೆಳಿಗ್ಗೆ ಪವಾಡ ನಡೆಯಿತು. ಎದ್ದು ಹಾಲ್‌ಗೆ ಬಂದರೆ ಗಣಪತಿ ನೆಟ್ಟಗೆ! ವೆಂಕಟರಮಣ ನೆಟ್ಟಗೆ! ತಲೆ ಎತ್ತಿದೆ, ಬಾಗಿಲ ಮೇಲೆ ಅವ್ವನೂ ನೆಟ್ಟಗೆ! ಹೆಂಡತಿಯನ್ನು ಕರೆದು ಹೇಳಿದೆ. ಅವಳು "ಹೌದೇನ್ರಿ? ಛಲೋ ಆತು" ಎಂದು ಮುಖ ತಿರುಗಿಸಿ ಒಳಗೆ ಹೋದಳು. ಕೂಲರ್ ಮಾತ್ರ ನಿಂತಿರಲಿಲ್ಲ.

ಬೆನ್ನಿನ ಡಾಕ್ಟರ ಬಳಿ ಮತ್ತೆ ಹೋದಾಗ, ಅರ್ಧ ವಾಸಿಯಾಯಿತು ಎಂದೆ. ಹೆಂಡತಿಗೆ ತಡೆಯಲಾಗಲಿಲ್ಲ. ನ್ಯಾಯಾಧೀಶರ ಮುಂದೆ ದೂರು ಕೊಡುವ ಹಾಗೆ ಶುರು ಮಾಡಿದಳು: "ಸಾಬ್, ಇವರು ನಾಟಕ ಮಾಡ್ತಾರೆ. ಮಲಗಿದರೆ ಅಡುಗೆಮನೆಯ ಪಿಸುಮಾತೂ ಕೇಳುತ್ತೆ, ನಿಂತರೆ ಕಿವುಡು!"

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನನ್ನು ಮಲಗಿಸಿದರು, ಪಿಸುಗುಟ್ಟಿದರು, ನಿಲ್ಲಿಸಿದರು, ಮತ್ತೆ ಪಿಸುಗುಟ್ಟಿದರು. ಸ್ಕ್ಯಾನ್ ಆಯಿತು. ಕೊನೆಗೆ ಹೇಳಿದರು: ಗಂಟಿನ ಸುಳಿವೂ ಇಲ್ಲ. ಬೆನ್ನುಹುರಿಯ ಸುತ್ತ ನೀರಿನ ಚೀಲ ಇರುತ್ತದೆ, ಹೊಲಿಗೆಯ ಹತ್ತಿರ ಅದು ಸಣ್ಣಗೆ ಸೋರುತ್ತಿದೆ. ನಿಂತರೆ ತಲೆಯಲ್ಲೂ ಕಿವಿಯಲ್ಲೂ ಒತ್ತಡ ಇಳಿಯುತ್ತದೆ, ಮಲಗಿದರೆ ಸರಿಹೋಗುತ್ತದೆ. ನಿಮ್ಮದೇ ರಕ್ತ ತೆಗೆದು ಅಲ್ಲಿಗೆ ಚುಚ್ಚಿದರೆ ಪಂಕ್ಚರಿನ ಪ್ಯಾಚಿನಂತೆ ಕೂರುತ್ತದೆ.

ಹೆಂಡತಿ ಅಲ್ಲೇ ಅತ್ತಳು. ಅವಳ ಭುಜ ಹಿಡಿದುಕೊಂಡೆ, ಆದರೂ ಕಿವಿಯಲ್ಲಿ ಹೇಳದೆ ಇರಲಾಗಲಿಲ್ಲ: "ನಾ ಹೇಳಿದ್ದಿಲ್ಲೇನು, ರಸಮಟ್ಟ ಕೆಟ್ಟೈತಿ ಅಂತ?"

೫. ಬಾಗಿಲ ಮೇಲೆ

ಪ್ಯಾಚು ಕೂತಿತು. ಆಸ್ಪತ್ರೆಯಲ್ಲಿ ಎದ್ದು ನಿಂತೆ. ಕೂಲರ್ ಇಲ್ಲ, ಗೋಡೆ ನೆಟ್ಟಗೆ. ದಾರಿಯುದ್ದಕ್ಕೂ ಕಂಬ, ಕಟ್ಟಡ, ಸಿಗ್ನಲ್ಲು, ಎಲ್ಲ ನೆಟ್ಟಗೆ. ಖುಷಿಯಿಂದ ಮನೆಯ ಬಾಗಿಲು ತೆಗೆದೆ. ಗಣಪತಿ ಸೊಟ್ಟ. ವೆಂಕಟರಮಣ ಸೊಟ್ಟ. ಇಡೀ ನಾಗಪುರ ನೆಟ್ಟಗಿದೆ, ನನ್ನ ಮನೆ ಒಂದೇ ವಾಲಿದೆ. ಹೊಸ್ತಿಲಲ್ಲೇ ಕೂತುಬಿಟ್ಟೆ.

"ತಿರುಗಿ ಬಂತು" ಎಂದೆ.

ಹೆಂಡತಿ ನನ್ನ ಭುಜ ಹಿಡಿದಳು. "ಏನ ಕಾಣಸ್ತೈತಿ? ಜಲ್ದಿ ಹೇಳ್ರಿ."

"ಎಲ್ಲಾ ಸೊಟ್ಟ. ಬಲಕ್ಕ ವಾಲ್ಯಾವು."

ಅವಳು ಅಳುತ್ತ ನಗತೊಡಗಿದಳು. "ಸೊಟ್ಟನ ಅದಾವ್ರೀ! ನಾನ ಸೊಟ್ಟ ಮಾಡೀನಿ! ನೀವು ದಿನಾ ಹೆದರಕೊಂಡು ನೋಡೂದು ನನಗ ನೋಡಾಕ ಆಗಲಿಲ್ಲ. ನೀವು ಅವತ್ತ ಎಷ್ಟ ವಾಲಿಸಿದ್ರಿ, ಬರೋಬರ್ ಅಷ್ಟ ವಾಲಿಸಿ ಇಟ್ಟೆ. ಸೊಟ್ಟದ್ದು ಸೊಟ್ಟ ಕಾಣಸ್ತು ಅಂದ್ರ ನಿಮಗ ಆರಾಮ ಆತು!"

ಅವಳ ಕೈ ಹಿಡಿದುಕೊಂಡೆ. ಇಷ್ಟು ದಿನ ನನ್ನ ಸಲುವಾಗಿ ಸೊಟ್ಟ ಮನೆಯಲ್ಲಿ ಬಾಳಿದ ಹೆಂಗಸು ಇವಳು ಎಂದು ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಬಾಗಿಲ ಮೇಲೆ ನೋಡಿ ಹೇಳಿದೆ: "ಅವ್ವನ್ನೂ ಬರೋಬರ್ ವಾಲಿಸೀಯಲ್ಲ! ಅವತ್ತ ಆಕಿ ನೆಟ್ಟಗ ಕಂಡಿದ್ದಕ್ಕ ನಾ ಪೂರ್ತಿ ನಂಬಿದೆ."

ಹೆಂಡತಿಯ ನಗೆ ನಿಂತಿತು. ಮೆಲ್ಲಗೆ ತಲೆ ಎತ್ತಿದಳು. ಅವ್ವ ಬಲಕ್ಕೆ ವಾಲಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಅತ್ತೀದು ನಾ ಮುಟ್ಟಿಲ್ಲ" ಎಂದಳು. "ಈ ಮೊಣಕಾಲು ಇಟಗೊಂಡು ನಾ ಸ್ಟೂಲು ಹತ್ತತೀನೇನ್ರಿ?"

ಕಾಕುವನ್ನು ಕೇಳಿದೆವು. ದೇವರುಗಳು ವಾಲಿದ ದಿನದಿಂದ ಅವರು ನಮ್ಮ ಹೊಸ್ತಿಲನ್ನೇ ದಾಟಿರಲಿಲ್ಲ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಚೌಕಟ್ಟಿನ ಮೇಲಿನ ಧೂಳಿನಲ್ಲಿ ಬೆರಳಿನ ಗುರುತೂ ಇರಲಿಲ್ಲ; ಸ್ಟೂಲು ಹತ್ತಿ ನಾನೇ ನೋಡಿದೆ. ಮುಟ್ಟಲು ಮಾತ್ರ ಕೈ ಬರಲಿಲ್ಲ, ಹಾಗೇ ಇಳಿದೆ.

ಕೊನೆಗೆ ಹೆಂಡತಿ ಸೆರಗು ಹೊದ್ದು, ಕೈ ಮುಗಿದು, ಇಷ್ಟು ವರ್ಷದಲ್ಲಿ ಎಂದೂ ಇಲ್ಲದ ಮೆದು ದನಿಯಲ್ಲಿ ಹೇಳಿದಳು: "ಅತ್ತಿ, ನಿಮ್ಮ ಮಗಗ ಆರಾಮ ಆತು. ಇನ್ನ ನೆಟ್ಟಗ ಆಗ್ರಿ."

ಅವ್ವ ಇನ್ನೂ ಸೊಟ್ಟಗೇ ಇದ್ದಾಳೆ. ಸೊಸೆಯ ಮಾತನ್ನು ಅವಳು ಎಂದು ಕೇಳಿದ್ದಳು?