ಚಂದ್ರಿಕೆಯಲ್ಲಿ ಬಿಚ್ಚಿಟ್ಟ ಮೋಟಾರ್‌ಸೈಕಲ್ಲು

ಅವತ್ತು ಬೆಳಿಗ್ಗೆ ನಮ್ಮ ರೇಷ್ಮೆ ಹುಳಮನೆಯ ಮುಂದೆ ನಾಲ್ಕು ಜನ ಇದ್ದೆವು. ಪೊರಕೆ ಹಿಡಿದ ನನ್ನ ಹೆಂಡತಿ ಪದ್ಮ, ಚಳಿಗೆ ತಲೆಗೆ ಟವೆಲ್ಲು ಸುತ್ತಿಕೊಂಡ ಪಕ್ಕದ ಮನೆಯ ಕೆಂಪಣ್ಣ, ಜಗಲಿಯ ಎಳೆಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದ ನಮ್ಮವ್ವ, ಮತ್ತು ನಾನು. ಒಳಗಡೆ ಹಳೇ ಗೋಣಿಚೀಲ ಹೊದ್ದುಕೊಂಡು ಐದನೆಯವರಂತೆ ನಿಂತಿದ್ದದ್ದು ಅಪ್ಪನ ಮೋಟಾರ್‌ಸೈಕಲ್ಲು. ಅಪ್ಪ ತೀರಿಕೊಂಡ ಮೇಲೆ ಅದು ಬಾಯಿ ಬಿಟ್ಟಿರಲಿಲ್ಲ.

"ಸಂಕ್ರಾಂತಿ ಕಳೀತಿದ್ದಂಗೆ ಮರಿಹುಳ ಬತ್ತವೆ. ಇದು ಇಲ್ಲಿ ಇರಂಗಿಲ್ಲ. ಗುಜರಿಯೋನಿಗೆ ಹೇಳ್ಬುಟ್ಟಿವ್ನಿ" ಅಂದಳು ಪದ್ಮ.

"ಅಪ್ಪನ ಗಾಡಿ ಕಣೆ ಅದು!"

"ಅದ್ಕೇ ಇಷ್ಟು ವರ್ಷ ಸುಮ್ನಿದ್ದೆ. ಓಡೋ ಗಾಡಿ ಆದ್ರೆ ಮಡಿಕಳ್ಳಿ, ಬ್ಯಾಡ ಅನ್ನಲ್ಲ. ಓಡದೇ ಇರೋದ್ಕೆ ನನ್ನ ಹುಳಿನ್ ಜಾಗ ಯಾಕೆ? ಸಂಕ್ರಾಂತಿವರ್ಗೂ ಟೈಮು. ಆಮೇಲೆ ತೂಕಕ್ಕೆ."

ನಾನು ಎದೆಯುಬ್ಬಿಸಿ, "ಸಂಕ್ರಾಂತಿ ದಿವಸ ನಿನ್ನನ್ನೇ ಹಿಂದೆ ಕೂರಿಸಿಕೊಂಡು ಹೋಗ್ತೀನಿ" ಎಂದು ಘೋಷಿಸಿದೆ. ಧೈರ್ಯಕ್ಕೆ ಕಾರಣವಿತ್ತು. ನಾನು ಬಿಡದಿಯ ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ದುಡಿಯುತ್ತಿರುವವನು. ಯಂತ್ರಗಳ ನಡುವೆಯೇ ಬಾಳಿದವನು. ನನ್ನ ಕೆಲಸ ಅಲ್ಲಿನ ಕ್ಯಾಂಟೀನಿನಲ್ಲಿ ಎಂಬುದು ಬೇರೆ ಮಾತು!

ಆ ಗಾಡಿಯ ಬಗ್ಗೆ ಎರಡು ಮಾತು ಹೇಳಬೇಕು. ಎರಡು ಸೈಲೆನ್ಸರು, ಹೊಟ್ಟೆ ಉಬ್ಬಿದ ಟ್ಯಾಂಕು. ಗೇರು ಹಾಕುವ ಕಡ್ಡಿಯನ್ನೇ ಮೇಲಕ್ಕೆ ಮಡಿಸಿ ಒದ್ದು ಸ್ಟಾರ್ಟ್ ಮಾಡಬೇಕು. ನಾನು ಚಿಕ್ಕವನಿದ್ದಾಗ ಅಪ್ಪ ಹಿಂದಿನ ಸೀಟಿಗೆ ರೇಷ್ಮೆಗೂಡಿನ ಚೀಲ ಕಟ್ಟಿ, ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ವಿರೂಪಾಕ್ಷಿಪುರದ ಕಡೆಯಿಂದ ಚನ್ನಪಟ್ಟಣ ದಾಟಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದರು. ಬೆಳಗಿನ ಮಂಜು ಮುಖಕ್ಕೆ ಬಡಿಯುತ್ತಿತ್ತು. ಟ್ಯಾಂಕಿನ ಬಿಸಿ ತೊಡೆಗೆ ಹಿತವಾಗಿರುತ್ತಿತ್ತು. ಅಪ್ಪನ ಗಡ್ಡ ನನ್ನ ನೆತ್ತಿಗೆ ಚುಚ್ಚುತ್ತಿತ್ತು. ಸಂಜೆ ಊರ ಹುಣಸೆಮರದ ಹತ್ತಿರ ಗಾಡಿಯ ಸದ್ದು ಕೇಳಿದರೆ ಅವ್ವ ಮುದ್ದೆಗೆ ಎಸರಿಡುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅಪ್ಪನ ಆ ಒಂದು ಒದೆ. ಪಂಚೆ ಮಡಿಸಿ ಕಟ್ಟಿದರು, ಒದ್ದರು, ಗಾಡಿ ಗುಡುಗಿತು. ಎರಡನೆಯ ಒದೆ ಎಂಬುದು ನನಗೆ ನೆನಪೇ ಇಲ್ಲ.

ಅಂಥ ಗಾಡಿಯನ್ನು ತೂಕಕ್ಕೆ ಹಾಕುವುದೇ?

ರಜೆಯ ದಿನ ನೋಡಿ ಪುನರುದ್ಧಾರ ಕಾರ್ಯ ಆರಂಭಿಸಿದೆ. ಬಿಚ್ಚುವುದು ಎಷ್ಟು ಸುಲಭ ಅಂತೀರಿ! ತೊಂದರೆ ಇರುವುದು ಬಿಚ್ಚಿದ್ದನ್ನು ಇಡುವುದರಲ್ಲಿ. ಆಗ ನನಗೊಂದು ಮಹತ್ವದ ಉಪಾಯ ಹೊಳೆಯಿತು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಯನ್ನು ನೋಡಿದ್ದೀರಲ್ಲ? ಚಾಪೆಯ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುರುಳಿಯಾಗಿ ಒಳಕ್ಕೆ ಹೋಗುತ್ತದೆ. ಹೊರಸುತ್ತಿನಿಂದ ಶುರುಮಾಡಿ, ಬಿಚ್ಚಿದ ನಟ್ಟು, ಬೋಲ್ಟು, ವಾಷರು, ಸ್ಪ್ರಿಂಗುಗಳನ್ನೆಲ್ಲ ಅದೇ ಕ್ರಮದಲ್ಲಿ ಆ ಸುರುಳಿಯೊಳಗೆ ಜೋಡಿಸುತ್ತಾ ಹೋದೆ. ವಾಪಸ್ಸು ಕೂಡಿಸುವಾಗ ನಡುವಿನಿಂದ ಹೊರಕ್ಕೆ ಬಂದರಾಯಿತು. ಎಂಥ ತಲೆ! ಯಾವ ಇಂಜಿನಿಯರಿಗೆ ಬಂದೀತು ಈ ಯೋಚನೆ? ನಾನು ಪದ್ಮನನ್ನು ಕರೆದು ತೋರಿಸಿದೆ.

"ಚೆಂದ ಐತೆ. ಗೂಡು ಯಾವಾಗ ಕಟ್ತವೆ?" ಎಂದು ಕೇಳಿ ಹೋದಳು.

ಮಾರನೆಯ ವಾರ ನಾನು ಡ್ಯೂಟಿಯಿಂದ ರೈಲಿನಲ್ಲಿ ಬಂದು ಮನೆ ಸೇರುವಾಗ ಅಂಗಳದ ತುಂಬ ಚಂದ್ರಿಕೆಗಳು ಬಿಸಿಲಿಗೆ ಒಣಗುತ್ತಿದ್ದವು. ಮರಿಹುಳ ಬರುವ ಮುಂಚೆ ಎಲ್ಲವನ್ನೂ ತೊಳೆದು ಒಣಗಿಸುವುದು ಪದ್ಧತಿ. ಪದ್ಮ ಕೊಳಾಯಿಯ ಹತ್ತಿರ ತೊಳೆಯುತ್ತಿದ್ದಳು. ಕಣ್ಣು ಮಂಜಾದ ಅವ್ವ, ಕೂತು ಕೂತು ಬೇಜಾರಾಗಿ, ತನ್ನದೂ ಒಂದು ಕೈ ಇರಲಿ ಎಂದು ಮೂಲೆಯಲ್ಲಿದ್ದ ಒಂದು ಚಂದ್ರಿಕೆಯನ್ನು ಎಳೆದುಕೊಂಡು ಬಂದು, ಗೋಡೆಗೆ ಒರಗಿಸಿ, ಕೋಲಿನಿಂದ ಟಪಟಪನೆ ಬಡಿಯುತ್ತಿದ್ದಳು.

ನನ್ನ ಎದೆಯೂ ಅದೇ ತಾಳಕ್ಕೆ ಬಡಿಯತೊಡಗಿತು.

"ಅವ್ವಾ! ಏನ್ ಮಾಡ್ಬುಟ್ಟೆ!"

"ಏನೋ ಉದುರ್ತು ಕಣ್ಲಾ ಮಗ. ಒಣ್ಗೋಗಿರೋ ಹುಳ ಅಂದ್ಕಂಡೆ. ಒಸಿ ತೂಕವಾಗೇ ಇದ್ವು."

ಅಪ್ಪನ ಗಾಡಿಯ ಕ್ರಮಬದ್ಧ ಚರಿತ್ರೆಯೆಲ್ಲ ಮಣ್ಣುಪಾಲಾಗಿತ್ತು. ನಾನು ಮಂಡಿಯೂರಿ ಆರಿಸತೊಡಗಿದೆ. ಅಷ್ಟರಲ್ಲಿ ನಮ್ಮ ಹೇಂಟೆಯೊಂದು ಹೊಳೆಯುವ ವಾಷರನ್ನು ಕಚ್ಚಿಕೊಂಡು ಓಟ ಕಿತ್ತಿತು. ಅದರ ಹಿಂದೆ ನಾನು. ಬೇಲಿಯ ಆಚೆಯಿಂದ ಕೆಂಪಣ್ಣ ಕೂಗಿದ: "ಏನ್ಲಾ ನಿಂಗ, ಇವತ್ತು ಬಾಡೇನ್ಲಾ? ನಂಗೂ ಒಂದು ಎಲೆ ಹಾಕು!"

ಅಂತೂ ಸಿಕ್ಕಿದ್ದನ್ನೆಲ್ಲ ಒಂದು ಬೋಗುಣಿಗೆ ತುಂಬಿ, ನೆನಪಿನ ಬಲದಿಂದ ಗಾಡಿ ಕೂಡಿಸತೊಡಗಿದೆ. ಎಲ್ಲ ಮುಗಿದ ಮೇಲೂ ಬೋಗುಣಿಯಲ್ಲಿ ಒಂದು ಹಿಡಿ ಸಾಮಾನು ಉಳಿಯಿತು. ಮದುವೆ ಮನೆಯಲ್ಲಿ ಅಡುಗೆ ಮಿಕ್ಕರೆ ಒಳ್ಳೆಯದಲ್ಲವೇ? ಕ್ಯಾಂಟೀನಿನ ಅನುಭವದಿಂದ ಹಾಗೆಂದು ಸಮಾಧಾನ ಮಾಡಿಕೊಂಡೆ. ಒಂದೇ ಒಂದು ಅನುಮಾನ ಮಾತ್ರ ಕಾಡಿತು. ಇಂಜಿನ್ನಿನ ಪಕ್ಕದಲ್ಲಿ, ಕಿಡಿ ಯಾವ ಗಳಿಗೆಗೆ ಹಾರಬೇಕೆಂದು ಗೊತ್ತುಮಾಡುವ ಒಂದು ಪುಟ್ಟ ತಟ್ಟೆ ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸಿ ಬಿಗಿಯಬೇಕೋ ಬಲಕ್ಕೋ? ಆತ್ಮಸಾಕ್ಷಿಯನ್ನು ಕೇಳಿದೆ. ಅದು ಬಲಕ್ಕೆ ಅಂದಿತು. ಆತ್ಮಸಾಕ್ಷಿಗೆ ಮೆಕ್ಯಾನಿಕ್ ಕೆಲಸ ಬರುವುದಿಲ್ಲ!

ಸಂಕ್ರಾಂತಿ ಬಂತು. ಗಾಡಿಯನ್ನು ತೊಳೆದು ಅಂಗಳಕ್ಕೆ ತಂದು ನಿಲ್ಲಿಸಿದೆ. ಕಠಿಣ ಷರತ್ತು ಹಾಕಿದ ಪದ್ಮನೇ ಅರಿಶಿನ ಕುಂಕುಮ ಇಟ್ಟು, ಹೂ ಮುಡಿಸಿ, ಮುಂದಿನ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಳು. "ಓಡ್ಲಿ, ಬುಡ್ಲಿ. ನಾವ್ ಮಾಡೋದು ಮಾಡವ" ಅಂದಳು. ಬೀದಿಯಲ್ಲಿ ಗುಜರಿಯವನ ತಳ್ಳುಗಾಡಿ ಇದೆಯೇ ಎಂದು ನಾನು ಮೆಲ್ಲಗೆ ಇಣುಕಿ ನೋಡಿದೆ. ಸದ್ಯ, ಇರಲಿಲ್ಲ.

ಪಂಚೆ ಮಡಿಸಿ ಕಟ್ಟಿದೆ, ಥೇಟು ಅಪ್ಪನ ಹಾಗೆ. ಒದ್ದೆ. ಗಾಡಿ ಕೆಮ್ಮಿತು. ಮತ್ತೆ ಒದ್ದೆ. ಮತ್ತೆ ಮತ್ತೆ ಒದ್ದೆ. ಎಳ್ಳುಬೆಲ್ಲ ಜಗಿಯುತ್ತಿದ್ದ ಕೆಂಪಣ್ಣ, "ಅದು ಹಳೇ ಕಾಲದ್ದು ಕಣ್ಲಾ, ಮರ್ವಾದೆಯಾಗಿ ಕೇಳು, ಅಂಗೆ ಒದೀಬ್ಯಾಡ" ಎಂದು ಬುದ್ಧಿ ಹೇಳಿದ. ಕಡೆಗೊಮ್ಮೆ ಜೀವ ಬಿಟ್ಟು ಒದ್ದಾಗ, ಕಡ್ಡಿ ತಿರುಗಿ ನನ್ನ ಕಾಲಿಗೇ ಒದೆಯಿತು. ನಾನು ಅಯ್ಯೋ ಅನ್ನುವಷ್ಟರಲ್ಲಿ ಗುಡುಗುಡು ಗುಡುಗುಡು ಎಂದು ಗಾಡಿ ಮಾತಾಡಿತು!

ಅಂಗಳದ ತುಂಬ ನೀಲಿ ಹೊಗೆ. ಅದೇ ಸದ್ದು, ಅದೇ ವಾಸನೆ. ಜಗಲಿಯ ಮೇಲೆ ಅವ್ವ ಕಂಬ ಹಿಡಿದು ಎದ್ದು ನಿಂತಿದ್ದಳು. ಇನ್ನು ಮಾತು ಬೇಡ, ಊರಿನಲ್ಲೊಂದು ಸುತ್ತು ಬಂದುಬಿಡೋಣ ಎಂದು ಮೊದಲನೆಯ ಗೇರು ಹಾಕಿ ಕ್ಲಚ್ಚು ಬಿಟ್ಟೆ.

ಗಾಡಿ ಹೊರಟಿತು. ಹಿಂದಕ್ಕೆ!

ನನ್ನ ಮುಖ ಮುಂದಕ್ಕೆ, ನನ್ನ ಪ್ರಯಾಣ ಹಿಂದಕ್ಕೆ. ಎದುರಿಗಿದ್ದ ಹೆಂಡತಿ, ಕೆಂಪಣ್ಣ, ಜಗಲಿ ಎಲ್ಲ ದೂರ ದೂರ ಹೋಗತೊಡಗಿದರು. ಗಾಬರಿಯಿಂದ ಬ್ರೇಕಿನ ಬದಲು ಆಕ್ಸಿಲರೇಟರು ತಿರುವಿದೆ. ತುಳಸಿಕಟ್ಟೆ ನನ್ನ ಎಡಕ್ಕೆ ಸರಿಯಿತು, ಎಮ್ಮೆ ಬಲಕ್ಕೆ ಹಾರಿತು, ನಡುವೆ ನಾನು ಸೀದಾ ತಿಪ್ಪೆಯೊಳಕ್ಕೆ ಹೋಗಿ ಸೊಂಟದವರೆಗೆ ಸ್ಥಾಪಿತನಾದೆ.

ಕೆಂಪಣ್ಣ ನಿಧಾನವಾಗಿ ಬಂದ. ನನ್ನನ್ನು ಎತ್ತಲಿಕ್ಕಲ್ಲ. ನೆಲದ ಮೇಲಿದ್ದ ನಿಂಬೆಹಣ್ಣು ಎತ್ತಿಕೊಂಡ. "ಇದು ಅಂಗೇ ಐತೆ ಕಣವ್ವ ಪದ್ಮ. ಪಾನಕಕ್ಕೆ ಆಯ್ತದೆ." ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಚೆನ್ನಾಗೇ ಐತಲ್ಲ ನಿಂಗ. ನೀನೇ ಒಸಿ ತಿರುಗಿ ಕೂತ್ಕಂಡ್ರೆ ಆಯ್ತು!"

ಪದ್ಮ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. "ನಾನು ಏನಂದಿದ್ದೆ?"

"ಓಡ್ಬೇಕು ಅಂದಿದ್ದೆ. ಓಡ್ತಲ್ಲ!"

"ಎಲ್ಲಿಗೆ?"

ಉತ್ತರ ನನ್ನ ಮೈಮೇಲೆಲ್ಲ ಇತ್ತು. "ಅಪ್ಪನ ಕೈಲಾದ್ರೆ ಒಂದೇ ಒದೆತ" ಎಂದು ಗೊಣಗಿದೆ. "ಅವರ ಕೈ ನಂಗೆ ಬರಲಿಲ್ಲ. ಕಳಿಸಿಬಿಡು ಗುಜರಿಗೆ."

ಅಷ್ಟು ಹೊತ್ತೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದ ಅವ್ವ ತಟ್ಟನೆ ನಗು ನಿಲ್ಲಿಸಿದಳು.

"ಒಂದೇ ಒದೆತಾ? ಯಾರ್ಲಾ ಹೇಳಿದ್ದು? ಒದ್ದೂ ಒದ್ದೂ ನಿಮ್ಮಪ್ಪ ಚಪ್ಪಲಿ ಕಿತ್ಕಂತಿದ್ರು. ಅದು ಯಾವತ್ತು ಒದೆತುಕ್ಕೆ ಬಗ್ಗಿತ್ತು? ಚೀಲ ಕಟ್ಟಿ, ನಿನ್ನ ಟ್ಯಾಂಕ್ ಮ್ಯಾಲೆ ಕೂರ್ಸಿ, ಹುಣಸೆಮರದ ಇಳಿಜಾರುಗಂಟ ಹಿಂದಿಂದ ತಳ್ತಿದ್ದೋಳು ನಾನು ಕಣ್ಲಾ. ನೀನು ಮುಂದೆ ನೋಡ್ಕಂಡು ಕೂತಿರ್ತಿದ್ದೆ. ನಿಂಗೆಂಗೆ ಗೊತ್ತಾಗ್ಬೇಕು?"

ಪದ್ಮ ಒಂದು ಕ್ಷಣ ಅವ್ವನ ಮುಖ ನೋಡಿದಳು. ಆಮೇಲೆ ಸೆರಗು ಸಿಗಿಸಿಕೊಂಡು ತಿಪ್ಪೆಗೆ ಇಳಿದು, ಹ್ಯಾಂಡಲ್ಲಿಗೆ ಕೈ ಹಾಕಿ, "ಏಳಿ, ಒಂದು ಕೈ ಕೊಡಿ" ಅಂದಳು. "ಗುಜರಿಯೋನಿಗೆ ಬ್ಯಾಡ ಅಂತ ಹೇಳ್ತೀನಿ. ಆದ್ರೆ ಹುಳಮನೇಲಿ ಮಾತ್ರ ಜಾಗ ಇಲ್ಲ."

ಹೀಗಾಗಿ ಹುಳ ಹುಳಮನೆಗೆ ಬಂದವು. ಗಾಡಿ ನಡುಮನೆಗೆ ಬಂತು. ನನ್ನ ಮಂಚ ಜಗಲಿಗೆ ಬಂತು.

ಕಿಡಿ ತಪ್ಪು ಗಳಿಗೆಗೆ ಹಾರಿ ಇಂಜಿನ್ನು ಉಲ್ಟಾ ತಿರುಗಿತ್ತು. ಆ ಪುಟ್ಟ ತಟ್ಟೆಯನ್ನು ಎಡಕ್ಕೆ ತಿರುಗಿಸಿ ಬಿಗಿದ ಮೇಲೆ ಗಾಡಿ ಮುಂದಕ್ಕೇ ಹೋಗತೊಡಗಿತು. ಶಿವರಾತ್ರಿಯ ಹೊತ್ತಿಗೆ ಗೂಡು ಬಿಡಿಸಿದೆವು. ಮಾರುಕಟ್ಟೆಗೆ ಹೊರಡುವ ಬೆಳಿಗ್ಗೆ ಬರಬೇಕಾಗಿದ್ದ ಟೆಂಪೋ ಬರಲಿಲ್ಲ. "ನಿಮ್ಮ ಗಾಡಿ ತೆಗೀರಿ" ಅಂದಳು ಪದ್ಮ. ಒದ್ದೆ, ಏಳಲಿಲ್ಲ. ಹೊರೆ ಇಟ್ಟು ತಳ್ಳುವುದು ಕಷ್ಟ, ಮೊದಲು ಸ್ಟಾರ್ಟ್ ಆಗಲಿ, ಆಮೇಲೆ ಚೀಲ ಕಟ್ಟೋಣ ಎಂದು ಪದ್ಮ ಹಿಂದಿನಿಂದ ತಳ್ಳಿದಳು. ಜಗಲಿಯಿಂದ ಅವ್ವ, "ಎಲ್ಡ್ನೇ ಗೇರಲ್ಲಿ ಬುಡ್ಲಾ" ಎಂದು ಕೂಗಿದಳು. ಇಳಿಜಾರಿನಲ್ಲಿ ಗಾಡಿ ಎದ್ದಿತು. ಹಿಂದಿನಿಂದ ಪದ್ಮ ಏನೋ ಜೋರಾಗಿ ಕೂಗುತ್ತಿದ್ದಳು. ಖುಷಿಗೆ ಕೂಗುತ್ತಿದ್ದಾಳೆಂದು ನಾನೂ ಒಂದು ಕೈ ಎತ್ತಿ ಬೀಸಿದೆ.

ಮಂಜು, ಗಾಳಿ, ಆ ಸದ್ದು. ಚನ್ನಪಟ್ಟಣ ದಾಟಿದ್ದೇ ತಿಳಿಯಲಿಲ್ಲ. ರಾಮನಗರದ ಮಾರುಕಟ್ಟೆಯ ಮುಂದೆ ಗತ್ತಿನಿಂದ ಗಾಡಿ ನಿಲ್ಲಿಸಿದಾಗ ಅಲ್ಲಿದ್ದ ಒಬ್ಬರು, "ಗೂಡೆಲ್ಲಿ ಯಜಮಾನ್ರೆ?" ಎಂದು ಕೇಳಿದರು. ತಿರುಗಿ ನೋಡಿದೆ. ಸೀಟು ಖಾಲಿ!

ಸ್ವಲ್ಪ ಹೊತ್ತಿಗೆ ಕೆಂಪಣ್ಣನ ಮೊಪೆಡ್ಡು ಬಂತು. ಹಿಂದೆ ಗೂಡಿನ ಚೀಲ ಅಪ್ಪಿಕೊಂಡು ಪದ್ಮ ಕೂತಿದ್ದಳು. ಚೀಲ ಇಳಿಸಿದಳು, ಗೂಡು ಸುರಿದಳು, ಒಳ್ಳೆಯ ದರಕ್ಕೇ ಮಾರಿದಳು. ವಾಪಸ್ಸು ಹೊರಡುವಾಗಲೂ ಕೆಂಪಣ್ಣನ ಮೊಪೆಡ್ಡನ್ನೇ ಹತ್ತಿದಳು.

ಹತ್ತುವ ಮುಂಚೆ ಇಬ್ಬರೂ ಸೇರಿ ನನ್ನನ್ನು ತಳ್ಳಿಕೊಟ್ಟರು.