ನಲವತ್ತೆರಡು ಮುಖ ಹೊತ್ತ ಸರ್ವರ್ ಸಾಹೇಬರಿಗೆ

ಮಾನ್ಯ ಸರ್ವರ್ ಸಾಹೇಬರೇ,

ಚಾಮರಾಜನಗರದ ನಮ್ಮ ಹೆಡ್ಡಾಫೀಸಿನ ಎ.ಸಿ. ಕೋಣೆಯಲ್ಲಿ ಸುಖಾಸೀನರಾಗಿರುವ ತಮಗೆ, ಪಾದಗಳು ಇದ್ದಲ್ಲಿ ಆ ಪಾದಗಳಿಗೂ, ಗುಂಡ್ಲುಪೇಟೆ ಶಾಖೆಯ ಗೇಟ್ ಪಾಸ್ ಗುಮಾಸ್ತೆ ಉಮ್ಮೆ ಹಬೀಬಾ ಮಾಡುವ ಅನಂತ ಸಲಾಮುಗಳು. ಇಲ್ಲಿ ನಾವೆಲ್ಲ ಕ್ಷೇಮ. ತರಕಾರಿ ಮಾತ್ರ ಬಾಡುತ್ತಿದೆ.

ತಮಗೆ ತಿಳಿಯದ್ದೇನಲ್ಲ, ನಮ್ಮ ಕಂಪನಿಯ ತರಕಾರಿ ಲಾರಿ ಗೇಟು ದಾಟಬೇಕಾದರೆ ಇಂಟ್ರಾನೆಟ್ಟಿನಲ್ಲಿ ತಾವು ಪಾಸ್ ದಯಪಾಲಿಸಬೇಕು. ಕೇರಳಕ್ಕೆ ಹೋಗುವ ಲಾರಿ ರಾತ್ರಿ ಒಂಬತ್ತರೊಳಗೆ ಕಾಡಿನ ಚೆಕ್‌ಪೋಸ್ಟ್ ದಾಟದಿದ್ದರೆ ಬೆಳಗಿನವರೆಗೆ ಅಲ್ಲೇ ನಿಲ್ಲಬೇಕು. ಬೀನ್ಸ್ ಕೆಟ್ಟರೆ ಮೆಮೊ ಬರುವುದು ತಮಗಲ್ಲ, ನನಗೆ.

ಸೋಮವಾರ ಮಧ್ಯಾಹ್ನ ಮೂರಕ್ಕೆ ನಾನು ಬಟನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. 'ಅವಸರವೇ ಅಪಘಾತಕ್ಕೆ ಕಾರಣ' ಎಂದು ರಸ್ತೆಬದಿಯಲ್ಲಿ ಬರೆದದ್ದನ್ನು ಈ ಜಿಲ್ಲೆಯಲ್ಲಿ ಚಾಚೂ ತಪ್ಪದೆ ಪಾಲಿಸುವವರು ತಾವೊಬ್ಬರೇ ಎಂದು ಮನಸ್ಸು ತುಂಬಿ ಬಂತು. ನಾವೂ ಸುಮ್ಮನೆ ಕೂರಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದೆವು, ವೈರು ಬದಲಿಸಿದೆವು, ಮ್ಯಾನೇಜರ್ ಶಾಂತಮಲ್ಲಪ್ಪನವರು ನನ್ನ ಪರದೆಗೆ ವಿಭೂತಿಯನ್ನೂ ಹಚ್ಚಿದರು. ಅದರ ಮಹಿಮೆ ಅಷ್ಟು ಕಿಲೋಮೀಟರ್ ದಾಟಿ ತಮ್ಮನ್ನು ಮುಟ್ಟಲಿಲ್ಲವೆಂದು ತೋರುತ್ತದೆ.

ಕೊನೆಗೆ ಹೆಡ್ಡಾಫೀಸಿನಿಂದ ಇಂಜಿನಿಯರ್ ಶಿವರಂಜನಿ ಬಸ್ ಹಿಡಿದು ಬಂದು ತಮ್ಮ ರೋಗ ಕಂಡುಹಿಡಿದರು. ಕಂಪನಿಗೆ ಹತ್ತು ವರ್ಷ ತುಂಬಿದಾಗ ಮ್ಯಾನೇಜರು ಬಸ್ ನಿಲ್ದಾಣದ ಎದುರು ಇಪ್ಪತ್ತಡಿಯ ಫ್ಲೆಕ್ಸ್ ಕಟ್ಟಿಸಿದ್ದರಲ್ಲ, ಅದೇ ಚಿತ್ರವನ್ನು ಅದೇ ಗಾತ್ರದಲ್ಲಿ ಇಂಟ್ರಾನೆಟ್ಟಿನ ಪ್ರತಿ ಪುಟದ ತಲೆಗೂ ಏರಿಸಿದ್ದಾರೆ. ಒಂದು ಗೇಟ್ ಪಾಸಿಗೂ ತಾವು ನಲವತ್ತೆರಡು ಜನ ಸಿಬ್ಬಂದಿಯ ಮುಖ ಹೊತ್ತು ತರಬೇಕು. ಪಾಪ, ಆ ಮುಖಗಳನ್ನು ದಿನವೂ ನೋಡುವ ನನಗೆ ತಮ್ಮ ಕಷ್ಟ ಅರ್ಥವಾಗುತ್ತದೆ.

ಚಿತ್ರ ಚಿಕ್ಕದು ಮಾಡಲೇ ಎಂದು ಶಿವರಂಜನಿ ಕೇಳಿದರೆ, "ಇರೀಕರ ಮೊಕವ ಕಿರಿದು ಮಾಡಬಾರ್ದು ಕಣವ್ವ," ಎಂದರು ಮ್ಯಾನೇಜರು. ತೆಗೆಯಲೇ ಎಂದರೆ, ಎಲ್ಲರದ್ದೂ ತೆಗೆಯಿರಿ, ನನ್ನದೊಂದು ಇರಲಿ ಎಂದು ನಲವತ್ತೊಂದು ಜನವೂ ಹೇಳಿದರು. ನಲವತ್ತೆರಡನೆಯವಳು ನಾನು. ಮೂರನೇ ಸಾಲಿನ ಕೊನೆಯಲ್ಲಿ, ಸಹೋದ್ಯೋಗಿ ಖುದ್ದೂಸರ ಭುಜದ ಹಿಂದೆ, ನನ್ನ ಅರ್ಧ ಮುಖವಿದೆ. ಅದರ ಫೋಟೊವನ್ನು ನಮ್ಮ ಅಮ್ಮಿ ಇಡೀ ಬೀದಿಗೆ ತೋರಿಸಿದ್ದಾರೆ.

ಏಳೂವರೆಗೆ ಡ್ರೈವರ್ ಚಿಕ್ಕಮಾದಯ್ಯ ಕಿಟಕಿಯಲ್ಲಿ ಇಣುಕಿ, "ಅಬೀಬವ್ವ, ಈ ಬೀನ್ಸು ಬಳ್ಳೀಲಿ ಬುಡಾಕೂ ಇಷ್ಟೊತ್ತು ತಕಂಡಿರ್ನಿಲ್ಲ ಕಣವ್ವ," ಎಂದರು. ನನಗೆ ನಾಚಿಕೆಯಾಯಿತು. ಅಳಿಸಿಬಿಡಿ ಎಂದೆ. ಶಿವರಂಜನಿ ಅಳಿಸಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ತಾವು ಪಾಸ್ ಕೊಟ್ಟಿರಿ, ಒಂಬತ್ತಕ್ಕೆ ಹತ್ತು ನಿಮಿಷವಿರುವಾಗ ಲಾರಿ ಚೆಕ್‌ಪೋಸ್ಟ್ ದಾಟಿತು. ಸಂತೋಷವಾಯಿತು, ನನ್ನ ಅರ್ಧ ಮುಖ ಹೋದದ್ದಕ್ಕೆ ಸ್ವಲ್ಪ ಬೇಸರವೂ ಆಯಿತು.

ಮರುದಿನ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಮತ್ತದೇ ಚಕ್ರ. ಅರ್ಧ ಗಂಟೆ ಕಾದ ಮೇಲೆ ಪುಟದ ನೆತ್ತಿಯಲ್ಲಿ ಹೊಸ ಫ್ಲೆಕ್ಸ್ ಇಳಿಯಿತು, ಈ ಸಲ ಮೂವತ್ತಡಿ: 'ಸರ್ವರಿನ ವೇಗ ಹೆಚ್ಚಿಸಿದ ನಮ್ಮ ಬಳಗಕ್ಕೆ ಹಾರ್ದಿಕ ಅಭಿನಂದನೆಗಳು.' ಸುತ್ತ ಶಿವರಂಜನಿಯೂ ಸೇರಿ ನಲವತ್ತಮೂರು ಮುಖ, ನಡುವೆ ಹಾರ ಹಾಕಿಸಿಕೊಂಡ ತಾವು.

ಆದ್ದರಿಂದ ತಾವು ಇನ್ನೊಂದೆರಡು ತಲೆ ಬೆಳೆಸಿಕೊಳ್ಳಬೇಕೆಂದೂ, ಅದಾಗದಿದ್ದರೆ ಬಾಡದ ಬೀನ್ಸ್ ಬೆಳೆಯುವ ವಿದ್ಯೆಯನ್ನು ನಮ್ಮ ರೈತರಿಗೆ ಕಲಿಸಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಉಮ್ಮೆ ಹಬೀಬಾ

ವಿ.ಸೂ.: ಹೊಸ ಫ್ಲೆಕ್ಸಿನಲ್ಲಿ ನಾನು ಮೊದಲ ಸಾಲಿನಲ್ಲಿದ್ದೇನೆ, ಪೂರ್ತಿ ಮುಖ. ಶಿವರಂಜನಿ ಮತ್ತೆ ತಮ್ಮ ರೋಗ ವಿಚಾರಿಸಿದರೆ, ಆರೋಗ್ಯವಾಗಿದ್ದೇನೆಂದೇ ತಾವು ಹೇಳತಕ್ಕದ್ದು.