ಕರ್ನಾಟಕ ಅಂದ್ರ ಏನ್ರಿ, ಉಸ್ತಾದ?

ನಮ್ಮ ಭಾಗದ ಹೆಸರು ಬದಲಾದಾಗೆಲ್ಲ ಬಣ್ಣದ ಡಬ್ಬಿ ಹಿಡಕೊಂಡು ಓಡೋರು ನಾವು. ಹಿಂಗಾಗಿ ಬ್ಯಾಡಂದ್ರೂ ನಗು ಬರತದ. ಹುಮನಾಬಾದದಾಗ ಬೋರ್ಡ್ ಬರೆಯೋ ಉಸ್ತಾದರ ಕೈಕೆಳಗ ಇಪ್ಪತ್ತು ವರ್ಷದಿಂದ ಅದೀನಿ. ಅವರು ಮನ್ಯಾಗ ಮಾತಾಡೋದು ದಖನಿ ಉರ್ದು. ಆದರ ಅವರ ಕನ್ನಡ ಅಕ್ಷರ ಅಂದ್ರ ಮುತ್ತು ಪೋಣಿಸಿದಂಗ!

೧

‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಆದ ಹೊಸದು. ಕೊಡಂಬಲದಾಗ ರಸ್ತೆ ಬದಿ ಬೋರ್ಡ್ ಅಳಿಸಿ ಬರ್ಯಾಕತ್ತಿದ್ವಿ. ಬಸ್ಸಿಗೆ ಕಾದು ಕುಂತಿದ್ದ ಮುದುಕಿ, “ಏನದು?” ಅಂದ್ಲು.

“ಅವ್ವಾ, ನಮ್ಮ ಭಾಗಕ್ಕ ಹೊಸ ಹೆಸರು ಬಂದದ. ಬಸವಕಲ್ಯಾಣದ ಕಲ್ಯಾಣ!” ಉಸ್ತಾದರು ಹೆಮ್ಮಿಲೆ ಹೇಳಿದ್ರು.

“ಚಲೋ ಆತು. ನಿಜಾಮನ ಸೀಮಿ ಅಂದಾಗ ಹುಟ್ಟಿದೆ, ಹೈದರಾಬಾದ್ ಕರ್ನಾಟಕ ಅಂದಾಗ ಮದಿವಿ ಆತು. ಹೆಸರು ಮೂರು ಬಂದ್ವು. ಹತ್ತು ಗಂಟೆ ಬಸ್ಸು ಇನ್ನಾ ಬರವಲ್ತು.”

೨

ಫ್ಲೆಕ್ಸ್ ಬಂದ ಮ್ಯಾಲೆ ಉಸ್ತಾದರಿಗೆ ಕೆಲಸಾನ ಇಲ್ಲ. ಅಂಥಾದ್ರಾಗ ಬಸವಕಲ್ಯಾಣದ ಸಾಲಿ ಹೆಡ್‌ಮಾಸ್ತರರು ಕರೆಸಿದ್ರು. “ಒಂದು ಗೋಡಿ ಬರದು ತೋರಸ್ರಿ. ಸಮಾರಂಭದಾಗ ಮಂದಿ ಮೆಚ್ಚಿದ್ರ ಉಳದ ಗೋಡಿ ಎಲ್ಲಾ ನಿಮಗ. ಇಲ್ಲಾಂದ್ರ ಫ್ಲೆಕ್ಸ್ ಹಚ್ಚತೀನಿ.”

ಉಸ್ತಾದರು ಜೀವಾ ಹಾಕಿ ‘ಕರ್ನಾಟಕ ಅಂದ್ರ’ ಅಂತ ಆಳೆತ್ತರ ಬರದ್ರು. ಮುಂದ ಅರ್ಥ? ಕನ್ನಡ ಮಾಸ್ತರರು “ಕರಿ ಮಣ್ಣಿನ ನಾಡು” ಅಂದ್ರು. ಇತಿಹಾಸದ ಮಾಸ್ತರರು “ಛೇ ಛೇ, ಎತ್ತರದ ನಾಡು” ಅಂದ್ರು. ಮೂರು ದಿನ ಅದs ಜಗಳ. ಗಿರಾಕಿ ಬಾಯಿಂದ ಬಂದದ್ದs ಬರೀಬೇಕು, ತನ್ನದೊಂದು ಅಕ್ಷರ ಸೇರಸಬಾರದು. ಇದು ಉಸ್ತಾದರ ಉಸೂಲು, ಮುರಿಯದ ನೇಮ. ಹಿಂಗಾಗಿ ಮುಂದಿನ ಜಾಗ ಖಾಲಿ ಬಿಟ್ಟು ಕಾದ್ರು. ಕಡೀಕ ಸಾಲಿ ಜವಾನ ತೀರ್ಪು ಕೊಟ್ಟ: “ಇಬ್ಬರದೂ ಖರೇನ ಬಿಡ್ರಿ. ದಿನ್ನಿ ಹತ್ತುವಾಗ ಎತ್ತರದ ನಾಡು, ಮಳ್ಯಾಗ ಜಾರಿ ಬಿದ್ದಾಗ ಕರಿ ನಾಡು.”

೩

ಸಮಾರಂಭದ ದಿನ ಬಂದೇ ಬಿಟ್ಟಿತು. ಅತಿಥಿಯಾಗಿ ಬಂದಿದ್ದ ದೊಡ್ಡ ಸಾಹೇಬರು ಗೋಡಿ ಮ್ಯಾಲಿನ ಪರದೆ ಜಗ್ಗಿದ್ರು. ‘ಕರ್ನಾಟಕ ಅಂದ್ರ’, ಮುಂದ ಬರೇ ಬಿಳಿ ಗೋಡಿ! ಹೆಡ್‌ಮಾಸ್ತರರ ಮುಖ ಕೆಂಪಾತು. ಮುಗೀತು ನಮ್ಮ ಕತಿ ಅಂತ ನಾನು ಬಣ್ಣದ ಡಬ್ಬಿ ಮುಚ್ಚಾಕತ್ತಿದೆ.

ಉಸ್ತಾದರು ಮಾತ್ರ ಅಳುಕಲಿಲ್ಲ. ಬ್ರಶ್ ಅದ್ದಿ ಮುಂದ ಬಂದ್ರು. “ಸಾಹೇಬ್ರ, ಅರ್ಥ ನಿಮ್ಮ ಬಾಯಿಂದಾನs ಬರಲಿ.”

ಸಾಹೇಬರು ಬೆವರು ಒರಸಿಕೊಂಡ್ರು. “ಅದು… ಒಂದು ಮಾತಿನಾಗ ಹೇಳೂದಲ್ಲ ಬಿಡ್ರಿ!”

ಉಸ್ತಾದರು ಎಲ್ಲರ ಎದುರಿಗೇ, ಒಂದು ಕೊಂಬು ಸೊಟ್ಟ ಆಗದಂಗ ಅದನ್ನs ಬರದು ಮುಗಿಸಿದ್ರು: ‘ಕರ್ನಾಟಕ ಅಂದ್ರ ಒಂದು ಮಾತಿನಾಗ ಹೇಳೂದಲ್ಲ ಬಿಡ್ರಿ.’

ಮೊದಲು ಚಪ್ಪಾಳಿ ಹೊಡದವರು ಆ ಇಬ್ಬರು ಮಾಸ್ತರರು, ಯಾಕಂದ್ರ ಯಾರೂ ಸೋಲಲಿಲ್ಲ. ಹೆಡ್‌ಮಾಸ್ತರರು ಉಸ್ತಾದರ ಕೈ ಹಿಡದು, “ಉಳದ ಗೋಡಿ ಎಲ್ಲಾ ನಿಮ್ಮವs” ಅಂದ್ರು. ನನಗ ಕಣ್ಣಾಗ ನೀರೇ ಬಂತು.

ಅಷ್ಟರಾಗ ಸಾಹೇಬರು ಗೋಡಿ ಮುಂದ ನಿಂತು ಫೋಟೋ ತಗಸಿಕೊಂಡು ಉಸ್ತಾದರ ಕಿವ್ಯಾಗ ಹೇಳಿದ್ರು, “ಕೆಳಗ ನನ್ನ ಹೆಸರು ಹಾಕ್ರಿ. ಎಷ್ಟು ವಿಚಾರ ಮಾಡಿ ಹೇಳೀನಿ!”